ಬಿಟ್ಟು ಹೋದವನು ಮತ್ತೆ ಬಂದಾಗ: ಇಬ್ಬರು ಹುಡುಗರ ಪ್ರೇಮಕಥೆ ಬರೆದ ನನ್ನ ಅನುಭವ

ಬರೆಯೋಕೆ ಕೂತಾಗ ನನ್ನ ಹತ್ತಿರ ಇದ್ದದ್ದು ಒಂದೇ ದೃಶ್ಯ. ಹಾಸ್ಟೆಲ್ ರೂಮು. ಇಬ್ಬರು ಹುಡುಗರು, ಇಬ್ಬರಿಗೂ 19 ವರ್ಷ. ಒಬ್ಬನ ಅಣ್ಣ ಹೇಳದೆ ಕೇಳದೆ ಬಂದಿದ್ದಾನೆ. ಭುಜದ ಬ್ಯಾಗನ್ನೂ ಇಳಿಸದೆ ಬಾಗಿಲಲ್ಲೇ ನಿಂತು, "ಇವನು ಯಾರು?" ಅಂತ ಕೇಳುತ್ತಾನೆ.

"ಪಕ್ಕದ ರೂಮಿನವನು. ನೋಟ್ಸ್ ತಗೊಂಡು ಹೋಗೋಕೆ ಬಂದಿದ್ದ."

ಇನ್ನೊಬ್ಬ ಏನೂ ಹೇಳುವುದಿಲ್ಲ. ಮೇಜಿನ ಮೇಲೆ ಕೈಗೆ ಸಿಕ್ಕ ಒಂದು ನೋಟ್‌ಬುಕ್ ಎತ್ತಿಕೊಂಡು, "ಥ್ಯಾಂಕ್ಸ್ ಕಣೋ" ಅಂದು ಹೊರಗೆ ಹೋಗುತ್ತಾನೆ. ಗೆಳೆಯ ಹೇಳಿದ ಸುಳ್ಳು ಅಣ್ಣನ ಮುಂದೆ ನಿಲ್ಲಲಿ ಅಂತ.

ಸುಳ್ಳು ಹೇಳಿದವನು ಸುಹಾಸ. ನೋಟ್‌ಬುಕ್ ಎತ್ತಿಕೊಂಡು ಹೋದವನು ಮುರಳಿ. ಅವತ್ತಿನ ನಂತರ ಸುಹಾಸ ಫೋನ್ ಎತ್ತಲಿಲ್ಲ, ರೂಮು ಬದಲಾಯಿಸಿಕೊಂಡ, ಮುಗಿಯಿತು. ಏಳು ವರ್ಷ ಆದಮೇಲೆ ಇಬ್ಬರೂ ಮತ್ತೆ ಸಿಗಬೇಕು, ಮತ್ತೆ ಪ್ರೀತಿಸಬೇಕು. ನಾನು ಬರೆಯಬೇಕಿದ್ದದ್ದು ಇದನ್ನು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸುಹಾಸನ ಆ ಸುಳ್ಳಿನಂಥದ್ದೇ ಒಂದನ್ನು ನಾನೂ ಹೇಳಿದ್ದೇನೆ, ಹೆಚ್ಚು ಕಡಿಮೆ ಅದೇ ವಯಸ್ಸಿನಲ್ಲಿ. ನನಗೆ ಎರಡನೇ ಅವಕಾಶ ಸಿಗಲಿಲ್ಲ. ಅದನ್ನು ಕೇಳುವ ಹಕ್ಕು ನನಗಿದೆ ಅಂತಲೂ ಅನ್ನಿಸುವುದಿಲ್ಲ. ಹಾಗಾಗಿ ಸುಹಾಸನಿಗೆ ಅದನ್ನು ಸುಮ್ನೆ ಕೈಗಿಟ್ಟು ಕಳಿಸೋಕೆ ನನಗೆ ಮನಸ್ಸು ಬರಲಿಲ್ಲ. ಕೊಡುವುದಾದರೆ ಅದು ಮುರಳಿ ಕೊಟ್ಟದ್ದಾಗಬೇಕು, ಬರೆಯುವವನು ಕೊಟ್ಟದ್ದಲ್ಲ.

ಮೊದಲ ಕರಡಿನಲ್ಲಿ ಇದೇ ತಪ್ಪಿತು. ಬೇರೆಯಾಗೋಕೆ ನಾನು ಅಲ್ಲಿ ಕೊಟ್ಟಿದ್ದ ಕಾರಣ ಬೇರೆ. ಸುಹಾಸ ಪತ್ರ ಬರೆದಿದ್ದ, ಅದು ಮುರಳಿಗೆ ತಲುಪಲಿಲ್ಲ, ಯಾರೋ ಬಚ್ಚಿಟ್ಟರು. ಏಳು ವರ್ಷದ ಮೇಲೆ ಪತ್ರ ಸಿಗುತ್ತದೆ, ಇಬ್ಬರೂ ಅಳುತ್ತಾರೆ, ಒಂದಾಗುತ್ತಾರೆ. ಬರೆದು ಮುಗಿಸಿದಾಗ ಚೆನ್ನಾಗಿದೆ ಅಂತಲೇ ಅನ್ನಿಸಿತ್ತು. ವಾರ ಬಿಟ್ಟು ಓದಿದರೆ ಒಳಗೆ ಏನೂ ಇರಲಿಲ್ಲ. ಯಾರದ್ದೂ ತಪ್ಪಿಲ್ಲ ಅಂದಮೇಲೆ ಯಾರು ಯಾರನ್ನು ಕ್ಷಮಿಸಬೇಕು? ಪತ್ರ ಸಿಕ್ಕಿತು, ಕಥೆ ಮುಗಿಯಿತು.

ಆಗ ನೆನಪಾದದ್ದು ಶಕುಂತಲೆಯ ಕಥೆ. ಬಿಟ್ಟು ಹೋದ ಪ್ರೇಮಿ ಮತ್ತೆ ಸಿಗುವ ಕಥೆಗಳಲ್ಲಿ ನಮಗೆಲ್ಲ ಗೊತ್ತಿರುವುದು ಅದೇ ಅಲ್ವಾ? ಕಾಳಿದಾಸನ ನಾಟಕದಲ್ಲಿ ದುಷ್ಯಂತ ಮರೆಯುವುದು ದೂರ್ವಾಸರ ಶಾಪದಿಂದ. ಉಂಗುರ ಸಿಕ್ಕಿತು, ನೆನಪು ಬಂತು. ದೊರೆಯ ಮೇಲೆ ದೋಷವಿಲ್ಲ. ಮಹಾಭಾರತದ ಆದಿಪರ್ವಕ್ಕೆ ಹೋದರೆ ಅಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ. ದುಷ್ಯಂತನಿಗೆ ಎಲ್ಲವೂ ನೆನಪಿದೆ. ನೆನಪಿದ್ದೂ ತುಂಬಿದ ಸಭೆಯಲ್ಲಿ ಅವಳನ್ನು ಗೊತ್ತಿಲ್ಲ ಅನ್ನುತ್ತಾನೆ. ಅಶರೀರವಾಣಿ ಆದಮೇಲೆ ಒಪ್ಪಿಕೊಳ್ಳುತ್ತಾನೆ. "ನನಗೆ ಗೊತ್ತಿತ್ತು, ಬರೀ ಇವಳ ಮಾತಿನ ಮೇಲೆ ಒಪ್ಪಿದ್ದರೆ ಜನ ಸಂಶಯಪಡುತ್ತಿದ್ದರು" ಅಂತ ಕಾರಣ ಕೊಡುತ್ತಾನೆ.

ಜನ ಏನಂದುಕೊಳ್ಳುತ್ತಾರೋ ಅನ್ನುವ ಭಯ. ನನ್ನ ಸುಹಾಸ ನಿಂತಿದ್ದದ್ದೂ ಅಲ್ಲೇ. ನಾಟಕದ ಶಾಪ ನನ್ನ ಕರಡಿನಲ್ಲಿ ಕಳೆದುಹೋದ ಪತ್ರವಾಗಿ ಬಂದಿತ್ತು, ಅಷ್ಟೇ. ಪತ್ರವನ್ನು ಕಿತ್ತು ಹಾಕಿದೆ. ಸುಹಾಸ ಬಿಟ್ಟು ಹೋದದ್ದು ಹೆದರಿ. ಗೊತ್ತಿದ್ದೂ ಹೋದ. ಅವನ ಭಯ ಸುಳ್ಳಲ್ಲ, ಆದರೆ ಅದರ ಬೆಲೆ ಕಟ್ಟಿದವನು ಮುರಳಿ. ಅದನ್ನು ಹಾಗೇ ಇಟ್ಟೆ.

ನೋಟ್‌ಬುಕ್ ಉಂಗುರ ಆಗಿಬಿಡುವ ಅಪಾಯ ಇನ್ನೂ ಇತ್ತು. ಮುರಳಿ ಏಳು ವರ್ಷ ಅದನ್ನು ಜೋಪಾನ ಮಾಡಿದ್ದಾನೆ ಅಂತ ಬರೆದಿದ್ದೆ. ತೆಗೆದೆ. ಹಾಗೆ ಇಟ್ಟರೆ ಮುರಳಿ ಏಳು ವರ್ಷ ಕಾಯುತ್ತಾ ಕೂತಿದ್ದ ಅಂತ ಆಗುತ್ತದೆ. ಕಾಯುತ್ತಿದ್ದವನು ಒಪ್ಪಿಕೊಂಡರೆ ಅದರಲ್ಲಿ ಏನಿದೆ? ಈಗಿನ ಕಥೆಯಲ್ಲಿ ಮುರಳಿ ಅದನ್ನು ತಿಂಗಳೊಳಗೆ ಎಸೆಯುತ್ತಾನೆ. ನೆನಪಿಟ್ಟುಕೊಂಡವನು ಸುಹಾಸ. ಅವತ್ತು ಹೋದದ್ದು ಅವನ ಲೆಕ್ಕಶಾಸ್ತ್ರದ ನೋಟ್‌ಬುಕ್, ಪರೀಕ್ಷೆಗೆ ನಾಲ್ಕು ದಿನ ಇತ್ತು. ವಾಪಸ್ ಕೊಡು ಅಂತ ಕೇಳೋಕೆ ಅವನಿಗೆ ಬಾಯಿ ಬರಲಿಲ್ಲ.

ನಡುವಿನ ಏಳು ವರ್ಷಕ್ಕೆ ಬೇರೆ ಹಾಳೆಯನ್ನೇ ಮಾಡಿಕೊಂಡೆ. 2016ರಿಂದ 2023ರವರೆಗೆ, ಎಡಕ್ಕೆ ಮುರಳಿ, ಬಲಕ್ಕೆ ಸುಹಾಸ. ಇದರಲ್ಲಿ ಕಥೆಯೊಳಗೆ ಬಂದದ್ದು ತುಂಬಾ ಕಡಿಮೆ. ಆದರೂ ಈ ಹಾಳೆ ಇಲ್ಲದೆ ಕಥೆ ನಿಲ್ಲುತ್ತಿರಲಿಲ್ಲ. ಮುರಳಿ ಎರಡು ವರ್ಷ ಇನ್ನೊಬ್ಬನ ಜೊತೆ ಇದ್ದ. ಒಳ್ಳೆಯ ಹುಡುಗ. ಅವನನ್ನು ಕೆಟ್ಟವನನ್ನಾಗಿ ಮಾಡಿದರೆ ಸುಹಾಸ ತಾನಾಗಿಯೇ ಒಳ್ಳೆಯವನ ಹಾಗೆ ಕಾಣುತ್ತಾನೆ. ನನಗೆ ಆ ಅಡ್ಡದಾರಿ ಬೇಡವಾಗಿತ್ತು. ಆ ಹುಡುಗನಿಗೆ ಬೇರೆ ದೇಶದಲ್ಲಿ ಕೆಲಸ ಸಿಕ್ಕಿತು, ಮುರಳಿಗೆ ಹೋಗೋಕೆ ಮನಸ್ಸಿರಲಿಲ್ಲ, ಇಬ್ಬರೂ ಕೂತು ಮಾತಾಡಿ ಬೇರೆಯಾದರು. ಮಾತಾಡಿ ಬೇರೆಯಾಗಬಹುದು ಅಂತ ಮುರಳಿಗೆ ಗೊತ್ತಾದದ್ದೇ ಆಗ. ಸುಹಾಸ ಎಂಥ ಗಾಯ ಮಾಡಿದ್ದ ಅಂತ ಅವನಿಗೆ ಪೂರ್ತಿ ಅರ್ಥವಾದದ್ದೂ ಆಗಲೇ.

ಇನ್ನು ಭಾಷೆ. ನನಗೆ ಅತಿ ಹೆಚ್ಚು ದಿನ ಹಿಡಿದದ್ದು ಇಲ್ಲೇ.

ಹುಡುಗ ಹುಡುಗಿಯ ಕಥೆಯಲ್ಲಿ ಅವನು, ಅವಳು ಅಂದರೆ ಸಾಕು. ಅದೂ ಬೇಡ, ಬಂದ, ಬಂದಳು ಅಂದರೂ ಗೊತ್ತಾಗುತ್ತದೆ. ಇಬ್ಬರೂ ಹುಡುಗರಾದಾಗ ಕ್ರಿಯಾಪದ ಕೈಕೊಡುತ್ತದೆ. ಮೊದಲ ಕರಡಿನ ಒಂದು ಸಾಲು ನೋಡಿ: "ಅವನು ಅವನ ಕೈಯಿಂದ ಪೆಟ್ಟಿಗೆ ತಗೊಂಡ. ಅವನ ಬೆರಳು ತಣ್ಣಗಿತ್ತು." ಯಾರ ಬೆರಳು? ಬರೆದ ನನಗೇ ಎರಡನೇ ಸಲ ಓದಿದಾಗ ಗೊತ್ತಾಗಲಿಲ್ಲ. ಎಲ್ಲಾ ಕಡೆ ಹೆಸರು ಹಾಕಿ ನೋಡಿದೆ. ಹಾಜರಿ ಕರೆದ ಹಾಗೆ ಆಯಿತು. ಅದರ ಮೇಲೆ ಆಗ ಮುರಳಿಗೆ ನಿರಂಜನ ಅಂತ ಹೆಸರಿತ್ತು. "ನಿರಂಜನನನ್ನು" ಅಂತ ಪುಟಕ್ಕೆ ಹತ್ತು ಸಲ ಬಂದರೆ ಯಾರಿಗೆ ಓದೋಕೆ ಆಗುತ್ತದೆ? ಇಕಾರದಲ್ಲಿ ಮುಗಿಯುವ ಹೆಸರು ಬೇಕು ಅಂತ ಮುರಳಿ ಅಂತ ಮಾಡಿದೆ. ಮುರಳಿಯನ್ನು, ಸುಹಾಸನನ್ನು. ಹೆಸರಿನ ಬಾಲ ನೋಡಿದರೆ ಸಾಕು, ಯಾರು ಅಂತ ಗೊತ್ತಾಗುತ್ತದೆ.

ಆಮೇಲೆ ಕಥೆಯನ್ನು ಪೂರ್ತಿ ಮುರಳಿಯ ಕಡೆಯಿಂದಲೇ ಹೇಳೋದು ಅಂತ ತೀರ್ಮಾನ ಮಾಡಿದೆ. ಅದಾದ ಮೇಲೆ ದಾರಿ ಸಲೀಸಾಯಿತು. ಮುರಳಿ "ಇವನು", ಸುಹಾಸ "ಅವನು". "ಇವನು ಕೈ ಚಾಚಿದ. ಅವನು ನೋಡಲಿಲ್ಲ." ಜೊತೆಗೆ ತಾನು, ತನ್ನ. "ಅವನು ತನ್ನ ಕೈ ಹಿಂದಕ್ಕೆ ತಗೊಂಡ" ಅಂದರೆ ಗೊಂದಲವೇ ಇಲ್ಲ. ಹತ್ತಿರ ಇರುವವನು ಇವನು, ದೂರ ಹೋದವನು ಅವನು. ಕಥೆಗೆ ಬೇಕಾದ ದೂರ ಭಾಷೆಯಲ್ಲೇ ಇತ್ತು. ಇಬ್ಬರೂ ಹತ್ತಿರ ಬಂದಮೇಲೆ ಸುಹಾಸನಿಗೂ "ಇವನು" ಅಂತ ಎರಡು ಪುಟ ಬರೆದು ನೋಡಿದೆ. ಆಸೆಯಿಂದ ಬರೆದದ್ದು. ಓದುವವರಿಗೆ ದಿಕ್ಕು ತಪ್ಪುತ್ತದೆ ಅನ್ನಿಸಿ ತೆಗೆದೆ.

ಮತ್ತೆ ಸಿಗುವ ದೃಶ್ಯಕ್ಕೆ ಮಳೆ, ರೈಲು ನಿಲ್ದಾಣ ಯಾವುದೂ ಬೇಡ ಅಂತ ಮೊದಲೇ ನಿರ್ಧಾರ ಮಾಡಿದ್ದೆ. ಮಾತಾಡದೆ ವಿಧಿಯಿಲ್ಲ ಅನ್ನುವಂಥ ಜಾಗ ಬೇಕಿತ್ತು. ಕೊನೆಗೆ ಸಿಕ್ಕಿದ್ದು ಇದು: ಇಬ್ಬರಿಗೂ ಪರಿಚಯದ ಗೆಳತಿ ಮನೆ ಖಾಲಿ ಮಾಡುತ್ತಿದ್ದಾಳೆ. ಸಾಮಾನು ಇಳಿಸೋಕೆ ಬಾ ಅಂತ ಇಬ್ಬರನ್ನೂ ಕರೆದಿದ್ದಾಳೆ. ಮೂರನೇ ಮಹಡಿ, ಲಿಫ್ಟ್ ಇಲ್ಲ. ಕಬ್ಬಿಣದ ಬೀರುವಿನ ಒಂದು ತುದಿ ಮುರಳಿಯ ಕೈಯಲ್ಲಿ, ಇನ್ನೊಂದು ತುದಿ ಸುಹಾಸನ ಕೈಯಲ್ಲಿ.

ಇಲ್ಲಿ ಇನ್ನೊಂದು ಕಷ್ಟ ಬಂತು. ಮುರಳಿ ಏನಂತ ಮಾತಾಡಿಸಬೇಕು? ನೀನು ಅಂದರೆ ಏನೂ ಆಗಿಲ್ಲ ಅನ್ನುವ ಹಾಗೆ. ನೀವು ಅಂದರೆ ಬೇಕಂತಲೇ ಚುಚ್ಚಿದ ಹಾಗೆ, ಮತ್ತೆ ಚುಚ್ಚೋದು ಮುರಳಿಯ ಸ್ವಭಾವ ಅಲ್ಲ. ಇಂಥ ಹೊತ್ತಲ್ಲಿ ನಾವೆಲ್ಲ ಏನು ಮಾಡುತ್ತೇವೆ ಅಂತ ಯೋಚಿಸಿದೆ. ಎರಡನ್ನೂ ತಪ್ಪಿಸಿ ಮಾತಾಡುತ್ತೇವೆ. ಅದನ್ನೇ ಬರೆದೆ.

"ಆ ಕಡೆ ಸ್ವಲ್ಪ ಎತ್ತಿದ್ರೆ ಆಗುತ್ತೆ."

"ಹಾಂ. ಇಲ್ಲಿ ತಿರುಗಿಸ್ಬೇಕಾ?"

"ತಿರುಗಿಸ್ಬೇಕು. ನಿಧಾನ."

ಎರಡು ಮಹಡಿ ಹೀಗೇ ಇಳಿಯುತ್ತಾರೆ. ನೀನೂ ಇಲ್ಲ, ನೀವೂ ಇಲ್ಲ. ಕೊನೆಯ ತಿರುವಿನಲ್ಲಿ ಬೀರು ಗೋಡೆಯ ಕಡೆ ವಾಲುತ್ತದೆ. ಆಗ ಮುರಳಿಯ ಬಾಯಿಂದ ಒಂದು ಮಾತು ಜಾರಬೇಕು. ಮೊದಲು "ಬಿಡಬೇಡ ಕಣೋ" ಅಂತ ಬರೆದಿದ್ದೆ. ಎರಡು ಅರ್ಥ ಬರುತ್ತದೆ ಅಂತ ಖುಷಿಯೂ ಆಗಿತ್ತು. ಆದರೆ ಬೀರು ಬೀಳುವಾಗ ಯಾರೂ ಎರಡು ಅರ್ಥದ ಮಾತು ಆಡುವುದಿಲ್ಲ. ಅದು ನನ್ನ ಮಾತು, ಮುರಳಿಯದ್ದಲ್ಲ. ಅಳಿಸಿ ಹೀಗೆ ಬರೆದೆ: "ಬೆರಳು ಕಣೋ, ನಿನ್ನ ಬೆರಳು ನೋಡ್ಕೋ!"

ಅಷ್ಟೇ. ಬೀರು ಕೆಳಗಿಟ್ಟ ಮೇಲೆ ಇಬ್ಬರೂ ಮಾತಾಡುವುದಿಲ್ಲ. "ಕಣೋ" ಅಂದದ್ದು ಮುರಳಿಗೆ ಗೊತ್ತಾಗಿದೆ, ಸುಹಾಸನಿಗೆ ಕೇಳಿಸಿದೆ. ಇಡೀ ಕಥೆಯಲ್ಲಿ ನನಗೆ ಜಾಸ್ತಿ ಇಷ್ಟವಾದ ಪುಟ ಇದು.

ತಪ್ಪನ್ನು ಸರಿ ಮಾಡುವ ಭಾಗವನ್ನು ನಾಲ್ಕು ಸಲ ಬರೆದೆ. ಮೊದಲು ಸುಹಾಸ ಎಲ್ಲರೆದುರು ಎದ್ದು ನಿಂತು, "ನಾನು ಮುರಳಿಯನ್ನು ಪ್ರೀತಿಸುತ್ತೇನೆ" ಅಂತ ಹೇಳುತ್ತಿದ್ದ. ಕೇಳೋಕೆ ದೊಡ್ಡದಾಗಿತ್ತು. ಕರಡು ಓದಿದ ಗೆಳೆಯನೊಬ್ಬ ಒಂದೇ ಪ್ರಶ್ನೆ ಕೇಳಿದ: "ಮುರಳಿನ ಕೇಳಿದ್ನಾ?" ಅಲ್ಲಿದ್ದ ಎಷ್ಟು ಜನಕ್ಕೆ ಮುರಳಿಯ ವಿಷಯ ಗೊತ್ತಿತ್ತು? ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು ಅನ್ನೋದು ಮುರಳಿಗೆ ಸೇರಿದ್ದು. ಮೊದಲ ಸಲ ಸುಹಾಸ ಅವನನ್ನು ಕೇಳದೆ ಬಚ್ಚಿಟ್ಟ. ಈಗ ಕೇಳದೆ ಬಯಲು ಮಾಡುತ್ತಿದ್ದಾನೆ. ಎರಡೂ ಒಂದೇ ಥರದ ತಪ್ಪು. ಇಬ್ಬರು ಹುಡುಗರ ಕಥೆ ಬರೆಯುವವರು ಇದನ್ನು ದಯವಿಟ್ಟು ನೆನಪಿಡಿ. ಓದುವವರಲ್ಲಿ ಎಷ್ಟೋ ಜನ ಇದೇ ಭಯದಲ್ಲಿ ಬದುಕುತ್ತಿರುತ್ತಾರೆ.

ಹಾಗಾಗಿ ಕ್ರಮವನ್ನೇ ತಿರುಗಿಸಿದೆ. ಸುಹಾಸ ಅಣ್ಣನಿಗೆ ಹೇಳುವುದು ಬೀರು ಇಳಿಸುವುದಕ್ಕಿಂತ ಒಂದು ವರ್ಷ ಮೊದಲು. ಮುರಳಿ ಮತ್ತೆ ಸಿಗುತ್ತಾನೆ ಅಂತ ಅವನಿಗೆ ಆಗ ಗೊತ್ತೇ ಇಲ್ಲ. ಏನೋ ಸಿಗುತ್ತದೆ ಅಂತ ಹೇಳಿದ್ದಲ್ಲ. ಹೇಳದೆ ಇರೋಕೆ ಇನ್ನು ಆಗಲ್ಲ ಅಂತ ಹೇಳಿದ್ದು.

ಆ ಮಾತುಕತೆಯಲ್ಲಿ ಮೊದಲು ಒಬ್ಬ ಡಾಕ್ಟರ್ ಬರುತ್ತಿದ್ದರು, ಅಣ್ಣನಿಗೆ ಎಲ್ಲವನ್ನೂ ವಿವರಿಸಿ ಹೇಳುತ್ತಿದ್ದರು. ಪಾಠದ ಹಾಗೆ ಆಯಿತು, ತೆಗೆದೆ. ಒಂದು ಸಂಗತಿ ಮಾತ್ರ ಬೇಕಿತ್ತು. ವಿಶ್ವ ಆರೋಗ್ಯ ಸಂಸ್ಥೆ ಸಲಿಂಗ ಪ್ರೀತಿಯನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದದ್ದು 1990ರ ಮೇ 17ರಂದು. ನನ್ನ ಹುಡುಗರು ಹುಟ್ಟಿದ್ದು 1997ರಲ್ಲಿ. ಈಗ ಅಲ್ಲಿ ಇರುವುದು ಇಷ್ಟು:

"ಡಾಕ್ಟರ್ ಹತ್ರ ಹೋಗೋಣ," ಅಂದ ಅಣ್ಣ.

"ಇದು ಕಾಯಿಲೆ ಅಲ್ಲ ಅಂತ ನಾನು ಹುಟ್ಟೋಕೆ ಏಳು ವರ್ಷ ಮುಂಚೆನೇ ತೀರ್ಮಾನ ಆಗಿದೆ ಅಣ್ಣಾ."

ತುಂಬಾ ಹೊತ್ತು ಬಿಟ್ಟು ಅಣ್ಣ ಕೇಳಿದ: "ಅವತ್ತು ರೂಮಲ್ಲಿ ಇದ್ದ ಹುಡುಗನಾ?"

"ಅದನ್ನ ಅವನನ್ನ ಕೇಳದೆ ನಾನು ಹೇಳಲ್ಲ."

ಇದು ಮುರಳಿಗೆ ಗೊತ್ತಾಗುವುದು ತಡವಾಗಿ, ಅದೂ ಬೇರೆ ಏನನ್ನೋ ಮಾತಾಡುವಾಗ. ಸುಹಾಸ ಇದನ್ನು ಸಾಕ್ಷಿಯ ಹಾಗೆ ಮುಂದೆ ಹಿಡಿಯುವುದಿಲ್ಲ. ಅವನು ಕ್ಷಮೆ ಕೇಳುವಾಗಲೂ "ಆದರೆ" ಅನ್ನುವ ಪದ ಬಳಸಬಾರದು ಅಂತ ನಾನೇ ಒಂದು ನಿಯಮ ಹಾಕಿಕೊಂಡಿದ್ದೆ. "ತಪ್ಪಾಯ್ತು, ಆದರೆ ನಾನು ಚಿಕ್ಕವನಿದ್ದೆ" ಅಂದರೆ ಮೊದಲರ್ಧ ಅಲ್ಲೇ ಸತ್ತುಹೋಗುತ್ತದೆ. ಚಿಕ್ಕವನಿದ್ದೆ ಅಂತ ಹೇಳುವುದಾದರೆ ಅದನ್ನು ಮುರಳಿ ಹೇಳಲಿ, ಮನಸ್ಸು ಬಂದಾಗ.

ಕೊನೆ ಸುಖವಾಗಿಯೇ ಇರಬೇಕು ಅಂತ ನನಗೆ ಹಟ ಇತ್ತು. ಇಂಥ ಹುಡುಗರ ಕಥೆಗಳು ಸಾವಿನಲ್ಲೋ, ಒಬ್ಬನ ಮದುವೆಯಲ್ಲೋ ಮುಗಿಯುವುದನ್ನು ಓದಿ ಓದಿ ನನಗೆ ಸಾಕಾಗಿತ್ತು. ಹಾಗಂತ ಸುಖ ಒಂದೇ ದಿನದಲ್ಲಿ ಬರುವುದೂ ಬೇಡ. "ಮತ್ತೆ ನೋಡೋಣವಾ?" ಅಂತ ಸುಹಾಸ ಕೇಳಿದಾಗ ಮುರಳಿ, "ಈಗ್ಲೇ ಹೇಳೋಕಾಗಲ್ಲ. ಭಾನುವಾರ ಬಾ" ಅನ್ನುತ್ತಾನೆ. ಆ ಭಾನುವಾರದಿಂದ ಇಬ್ಬರೂ ಒಂದೇ ಮನೆಗೆ ಬರೋಕೆ ಹನ್ನೊಂದು ತಿಂಗಳು. ಅದಕ್ಕೆ ನಾಲ್ಕು ಅಧ್ಯಾಯ ಕೊಟ್ಟೆ. ಫೋನ್ ಎತ್ತೋಕೆ ಸ್ವಲ್ಪ ತಡವಾದರೂ ಮುರಳಿಗೆ ಎದೆ ಹೊಡೆದುಕೊಳ್ಳುವುದು, ಸುಹಾಸ ಅದನ್ನು ಗಮನಿಸಿ "ಮೀಟಿಂಗಲ್ಲಿದ್ದೀನಿ, ಏಳಕ್ಕೆ ಮಾಡ್ತೀನಿ" ಅಂತ ಮೊದಲೇ ತಿಳಿಸೋಕೆ ಕಲಿಯುವುದು. ನಂಬಿಕೆ ವಾಪಸ್ ಬರೋದು ಇಂಥ ಚಿಕ್ಕ ಚಿಕ್ಕ ವಿಷಯದಲ್ಲೇ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಕಡೆಯ ದೃಶ್ಯದಲ್ಲಿ ಮತ್ತೆ ಬಾಗಿಲು, ಮತ್ತೆ ಅಣ್ಣ. "ಇವನು ಯಾರು?" ಅನ್ನುವ ಪ್ರಶ್ನೆಗೆ ಈ ಸಲ ಸುಹಾಸ ಸರಿಯಾದ ಉತ್ತರ ಕೊಡುತ್ತಾನೆ ಅಂತ ಶುರುವಿನಿಂದ ಅಂದುಕೊಂಡಿದ್ದೆ. ಬರೆಯುವಾಗ ಮಾತ್ರ ಕೈ ಓಡಲಿಲ್ಲ. ಮೂರು ದಿನ ಹಾಗೇ ಬಿಟ್ಟೆ. ನಾಲ್ಕನೇ ದಿನ ಸುಹಾಸನನ್ನು ಸ್ನಾನಕ್ಕೆ ಕಳಿಸಿ, ಬಾಗಿಲು ತೆಗೆಯೋಕೆ ಮುರಳಿಯನ್ನು ಕಳಿಸಿದೆ.

"ನೀವು..." ಅಂತ ಅಣ್ಣ ನಿಂತ.

"ನಾನು ಮುರಳಿ. ಅವತ್ತು ನೋಟ್ಸ್ ತಗೊಂಡು ಹೋಗಿದ್ದೆ ನೋಡಿ, ಅದು ನಾನೇ."

ಅದಕ್ಕೆ ಅಣ್ಣ ಏನು ಹೇಳಿದ ಅಂತ ಬರೆದಿಲ್ಲ. ಭುಜದಿಂದ ಬ್ಯಾಗು ಇಳಿಸಿ ಕೆಳಗಿಟ್ಟ ಅಂತ ಮಾತ್ರ ಬರೆದೆ.