ಓದಿದ ಕಾದಂಬರಿಗೆ ಮುಂದಿನಿಂದ ಒಂದು ಪುಟ, ಕಾಯ್ತಿರೋ ಕಾದಂಬರಿಗೆ ಹಿಂದಿನಿಂದ ಒಂದು ಪುಟ

ಕಾದಂಬರಿ ಮುಗಿಸಿ ಒಂದು ತಿಂಗಳಾದ್ಮೇಲೆ ಯಾರಾದ್ರೂ "ಹೆಂಗಿತ್ತು?" ಅಂತ ಕೇಳಿದ್ರೆ ಬಾಯಿಗೆ ಬರೋದು "ಚೆನ್ನಾಗಿತ್ತು ಕಣ್ರೀ, ಓದಿ" ಅಷ್ಟೇ. ನಿದ್ದೆಗೆಟ್ಟು ಓದಿರ್ತೀವಿ, ಯಾವ್ದೋ ಪಾತ್ರಕ್ಕೆ ಕಣ್ಣೀರು ಹಾಕಿರ್ತೀವಿ, ಆದ್ರೆ ತಿಂಗಳು ಕಳೆದ್ರೆ ಎಲ್ಲಾ ಕರಗಿ ಹೋಗಿರುತ್ತೆ. ನನಗೆ ಇದು ತುಂಬಾ ವರ್ಷ ಬೇಜಾರು ಮಾಡಿತ್ತು. ಈಗ ಕೆಲವು ವರ್ಷದಿಂದ ಒಂದು ಅಭ್ಯಾಸ ಇಟ್ಕೊಂಡಿದೀನಿ, ಅದನ್ನೇ ಇಲ್ಲಿ ಬಿಡಿಸಿ ಹೇಳ್ತೀನಿ, ಯಾರಿಗಾದ್ರೂ ಉಪಯೋಗ ಆದ್ರೆ ಖುಷಿ.

ಒಂದು 200 ಪುಟದ ನೋಟ್‌ಬುಕ್ ತಗೊಳಿ. ಗೆರೆ ಇರೋದು, ರಟ್ಟು ಗಟ್ಟಿ ಇರೋದು. ಮುಂದಿನಿಂದ ಓದಿ ಮುಗಿಸಿದ್ದು, ಹಿಂದಿನಿಂದ ಓದ್ಬೇಕು ಅಂತ ಕಾಯ್ತಿರೋದು. ಮೊಬೈಲಲ್ಲಿ ಬರ್ಕೊಂಡ್ರೆ ಆಗಲ್ವಾ ಅಂದ್ರೆ ಆಗುತ್ತೆ, ಆದ್ರೆ ಫೋನ್ ಬದಲಾಯಿಸ್ದಾಗ ನನ್ನ ಎರಡು ವರ್ಷದ ಟಿಪ್ಪಣಿ ಹೋಯ್ತು, ಅವತ್ತಿಂದ ಪುಸ್ತಕವೇ.

ಮೊದ್ಲು ಓದೋ ವಿಷ್ಯ, ಯಾಕಂದ್ರೆ ಅರ್ಧಕ್ಕೇ ಬಿಟ್ಟ ಕಾದಂಬರಿ ಬಗ್ಗೆ ಬರೆಯೋಕೆ ಏನೂ ಇರಲ್ಲ. ದಪ್ಪ ಕಾದಂಬರೀನ ಜನ ಬಿಡೋದು ಬೋರ್ ಆಗಿ ಅಲ್ಲ, ಯಾರು ಯಾರು ಅನ್ನೋದು ಮರೆತು ಹೋಗಿ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಮೂರು ಸಲ ಶುರು ಮಾಡಿ ಮೂರು ಸಲಾನೂ ಬಿಟ್ಟಿದ್ದೆ ನಾನು. ನಾಲ್ಕನೇ ಸಲ ಒಬ್ರು ಮೇಷ್ಟ್ರು ಹೇಳಿದ್ರು, ಜನರ ಹೆಸರು ಬರ್ಕೋಬೇಡ, ಮನೆಗಳ ಹೆಸರು ಬರ್ಕೋ ಅಂತ. ಸಿಂಬಾವಿ, ಹಳೆಮನೆ, ಕೋಣೂರು, ಹೂವಳ್ಳಿ, ಬೆಟ್ಟಳ್ಳಿ ಅಂತ ಪುಟದ ತುಂಬಾ ಒಂದೊಂದು ಚೌಕ ಹಾಕಿ, ಅದರೊಳಗೆ ಆಯಾ ಮನೆಯವ್ರು, ಆ ಮನೆ ಕೇರಿಯವ್ರು, ಆಳುಗಳು ಹೀಗೆ ತುಂಬ್ಕೊಂಡು ಹೋದೆ. ಗುತ್ತಿ ತನ್ನ ನಾಯಿ ಹುಲಿಯನನ್ನ ಕರ್ಕೊಂಡು ಒಂದು ಮನೆಯಿಂದ ಇನ್ನೊಂದು ಕಡೆ ಹೋದಂಗೆಲ್ಲಾ ಚೌಕದಿಂದ ಚೌಕಕ್ಕೆ ಪೆನ್ಸಿಲ್ ಗೆರೆ ಎಳೀತಾ ಇದ್ದೆ. ನೂರು ಪುಟ ದಾಟೋ ಹೊತ್ತಿಗೆ ಆ ಪುಟ ನೋಡೋದೇ ಬೇಕಾಗ್ಲಿಲ್ಲ, ಕಾಡಿನ ದಾರಿ ತಲೇಲಿ ಕೂತಿತ್ತು. ಹುಲಿಯನ ಕಥೆ ಏನಾಗುತ್ತೆ ಅಂತ ಹೇಳಲ್ಲ, ಓದಿದವ್ರಿಗೆ ಗೊತ್ತು. ಅದು ಓದಿದ ಸಂಜೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಎರಡು ಸುತ್ತು ಹಾಕಿದೆ, ಮನೆಗೆ ಹೋಗೋಕೆ ಮನಸ್ಸೇ ಆಗ್ಲಿಲ್ಲ.

ಭೈರಪ್ಪನವರ 'ಪರ್ವ'ಕ್ಕೆ (1979) ಚೌಕ ಕೆಲ್ಸಕ್ಕೆ ಬರಲ್ಲ, ಮಹಾಭಾರತದ ಜನ ನಮಗೆ ಗೊತ್ತಿರೋರೇ. ಅಲ್ಲಿ ಕಷ್ಟ ಬೇರೆ. ಕಥೆ ಒಬ್ಬೊಬ್ಬರ ಮನಸ್ಸಿನೊಳಗೆ ಹಿಂದೆ ಮುಂದೆ ಓಡಾಡುತ್ತೆ, ಶಲ್ಯನಿಂದ ಶುರು ಆಗಿ ಕುಂತಿ, ದ್ರೌಪದಿ, ಭೀಮ ಅಂತ ಹೋಗ್ತಾ ಈಗ ಯುದ್ಧಕ್ಕೆ ಮುಂಚೆ ಇದೀವಾ ಇಲ್ಲಾ ಮೂವತ್ತು ವರ್ಷ ಹಿಂದೆ ಇದೀವಾ ಗೊತ್ತಾಗಲ್ಲ. ಅದಕ್ಕೆ ಪ್ರತಿ ಭಾಗದ ತುದೀಲಿ ಪೆನ್ಸಿಲಲ್ಲಿ "ಯಾರ ನೆನಪು, ಯಾವಾಗಿಂದು" ಅಂತ ಎರಡೇ ಮಾತು ಬರೀರಿ, ಸಾಕು. ನಮ್ಮ ಮೈಸೂರಿನ ರಂಗಾಯಣ ನಾಟಕ ತಂಡದವ್ರು ಮದುಮಗಳನ್ನ 2010ರಲ್ಲಿ ರಾತ್ರಿ ಪೂರ್ತಿ ಆಡಿದ್ರು, ಪರ್ವಾನೂ 2021ರಲ್ಲಿ ರಂಗಕ್ಕೆ ತಂದ್ರು. ನಾಟಕ ನೋಡೋರು ನೋಡಿ, ಆದ್ರೆ ನನ್ನ ಮಾತು ಕೇಳೋದಾದ್ರೆ ಮೊದ್ಲು ಓದಿ, ಇಲ್ದಿದ್ರೆ ಆ ನಟರ ಮುಖವೇ ಪಾತ್ರದ ಮುಖ ಆಗಿಬಿಡುತ್ತೆ.

ಊರು, ನದಿ, ಸಮುದ್ರ ಎಲ್ಲಾ ದಾಟಿ ಹೋಗೋ ಕಾದಂಬರಿಗೆ ಮ್ಯಾಪ್ ಹಾಕ್ಕೊಳಿ. ವಸುಧೇಂದ್ರ ಅವರ 'ತೇಜೋ ತುಂಗಭದ್ರಾ' ಓದ್ವಾಗ ಎಡಗಡೆ ಲಿಸ್ಬನ್, ಬಲಗಡೆ ತುಂಗಭದ್ರೆ, ಮಧ್ಯೆ ಗೋವಾ ಅಂತ ಮೂರು ಚುಕ್ಕಿ ಇಟ್ಕೊಂಡಿದ್ದೆ. ತೇಜೋ ಅನ್ನೋದು ಲಿಸ್ಬನ್ ಹತ್ರ ಹರಿಯೋ ನದಿ ಹೆಸರು ಅನ್ನೋದೇ ನನಗೆ ಗೊತ್ತಿರ್ಲಿಲ್ಲ, ಗೊತ್ತಾದ್ಮೇಲೆ ಗೇಬ್ರಿಯಲ್ ಆ ಕಡೆಯಿಂದ ಬರೋದು, ಹಂಪಮ್ಮ ಈ ಕಡೆ ಇರೋದು, ಎರಡು ನೀರು ಸೇರೋ ಥರ ಕಾಣ್ತು. ಹೆಸರನ್ನ ಯಾವತ್ತೂ ಸುಮ್ನೆ ದಾಟ್ಕೊಂಡು ಹೋಗ್ಬೇಡಿ. ಅವರದೇ 'ರೇಷ್ಮೆ ಬಟ್ಟೆ' ಕೈಗೆ ಬಂದಾಗ ನಮ್ಮನೇಲಿ ಎಲ್ರೂ ಸೀರೆ ವಿಷ್ಯ ಅನ್ಕೊಂಡ್ರು, ಆದ್ರೆ ಹಳಗನ್ನಡದಲ್ಲಿ ಬಟ್ಟೆ ಅಂದ್ರೆ ದಾರಿ. ಆ ಒಂದು ಪದ ನಿಘಂಟಲ್ಲಿ ನೋಡಿದ್ದಕ್ಕೆ ರೇಷ್ಮೆ ಹೋದ ದಾರಿ ಕಣ್ಮುಂದೆ ಬಂತು.

ಇನ್ನು ಭಾಷೆ ಕೈಗೆ ಸಿಗದಿದ್ರೆ? ಜೋರಾಗಿ ಓದಿ. ಇದಕ್ಕಿಂತ ಒಳ್ಳೆ ಉಪಾಯ ನನಗೆ ಸಿಕ್ಕಿಲ್ಲ. ದೇವನೂರ ಮಹಾದೇವ ಅವರ 'ಕುಸುಮಬಾಲೆ' (1984) ಸಣ್ಣ ಪುಸ್ತಕ, ನಂಜನಗೂಡು ಕಡೆ ಮಾತಲ್ಲಿದೆ, ನಾನು ಮಂಡ್ಯದವನಾಗಿದ್ರೂ ಮೊದಲ ಹತ್ತು ಪುಟದಲ್ಲೇ ತಡವರಿಸ್ಬಿಟ್ಟೆ. ನಮ್ಮವ್ವ ನಂಜನಗೂಡು ಕಡೆಯೋಳು. ಒಂದಿನ ಅವ್ವ ಪಡಸಾಲೇಲಿ ಮೊರ ಇಟ್ಕೊಂಡು ಅವರೆಕಾಯಿ ಸುಲೀತಾ ಕೂತಿದ್ಲು, ನಾನು ಪಕ್ಕದಲ್ಲಿ ಕೂತು ಜೋರಾಗಿ ಓದೋಕೆ ಶುರು ಮಾಡಿದೆ. ಎರಡು ಸಾಲು ಆಗಿರ್ಲಿಲ್ಲ, "ಹಂಗಲ್ಲ ಕಣ್ಲಾ, ನೀ ಪೇಪರ್ ಓದ್ದಂಗೆ ಓದ್ತಿದ್ದಯ್, ಎಳ್ದು ಓದು ಅದ" ಅಂದ್ಲು. ಎಳೆದು ಓದಿದೆ. ಅರ್ಥ ಆಗದ ಪದಗಳೆಲ್ಲಾ ಅವ್ವನ ಬಾಯಲ್ಲಿ ದಿನಾ ಕೇಳಿದ ಪದಗಳೇ ಆಗೋದ್ವು, ಅಕ್ಷರದಲ್ಲಿ ನೋಡಿ ಗುರುತು ಸಿಕ್ಕಿರ್ಲಿಲ್ಲ ಅಷ್ಟೇ. ರಾತ್ರಿ ಮನೆಮನೆ ದೀಪದ ಜೋತಮ್ಮಂದಿರು, ಅಂದ್ರೆ ದೀಪದ ಜ್ಯೋತಿಗಳೇ, ಒಂದು ಕಡೆ ಸೇರಿ ಮಾತಾಡೋ ಜಾಗ ಬಂದಾಗ ಅವ್ವನ ಕೈ ನಿಂತೋಯ್ತು. ಸುಲಿದ ಸಿಪ್ಪೆ ಕೈಯಲ್ಲೇ ಇತ್ತು. "ದೀಪವ ಬಾಯಲ್ಲಿ ಊದಿ ಆರಿಸ್ಬ್ಯಾಡ ಅಂತ ನಮ್ಮವ್ವ ಬೈಯೋಳು" ಅಂದು ಸುಮ್ನಾದ್ಲು, ಆಮೇಲೆ "ಮುಂದ್ಕೋದು" ಅಂದ್ಲು. ಅವತ್ತಿನ ಪುಟದಲ್ಲಿ ನಾನು ಬರೆದಿದ್ದು ಅವ್ವನ ಆ ಮಾತು ಮಾತ್ರ. ನನ್ನ ಅಭಿಪ್ರಾಯ ಅದರ ಮುಂದೆ ಏನೂ ಅನ್ನಿಸ್ಲಿಲ್ಲ.

ಮನೇಲಿ ಅಂಥವ್ರು ಇಲ್ದಿದ್ರೆ ಆ ಕಡೆಯ ಸ್ನೇಹಿತರಿಗೆ ಒಂದು ಪುಟ ಓದಿ ವಾಯ್ಸ್ ಮೆಸೇಜ್ ಕಳಿಸೋಕೆ ಹೇಳಿ, ಒಂದು ಪುಟ ಕಿವಿಗೆ ಬಿದ್ರೆ ಮಿಕ್ಕಿದ್ದು ತಾನಾಗೇ ಬರುತ್ತೆ.

ಈಗ ಮುಗಿಸಿದ ದಿನದ ಪುಟ. ನಿಯಮ ಒಂದೇ, ಬೇರೆ ಯಾರ ವಿಮರ್ಶೆನೂ ಓದೋಕೆ ಮುಂಚೆ ಬರೀಬೇಕು. ನಾವು ಮಾಡೋದು ಉಲ್ಟಾ, ಪುಸ್ತಕ ಮುಚ್ಚಿದ ತಕ್ಷಣ ಬೇರೆಯವ್ರು ಏನಂದಿದಾರೆ ಅಂತ ಫೋನಲ್ಲಿ ನೋಡ್ತೀವಿ, ಅಲ್ಲಿ ದೊಡ್ಡವ್ರು ಯಾರೋ ಇದು ಸೋತ ಕೃತಿ ಅಂದಿರ್ತಾರೆ, ನಮಗೆ ಇಷ್ಟ ಆಗಿದ್ದೇ ತಪ್ಪೇನೋ ಅನ್ಸೋಕೆ ಶುರು ಆಗುತ್ತೆ. ಕಥೆ ಸಾರಾಂಶ ಬರೀಬೇಡಿ, ಅದು ಪುಸ್ತಕದಲ್ಲೇ ಇದೆ. ಎಲ್ಲಿ ನಿಲ್ಲಿಸಿ ಮೇಲೆ ನೋಡಿದ್ರಿ, ಯಾವ ಪುಟದಲ್ಲಿ ಸಿಟ್ಟು ಬಂತು, ಎಲ್ಲಿ ಪುಟ ಹಾರಿಸಿದ್ರಿ, ಎಲ್ಲಿ ಕೂತು ಓದಿದ್ರಿ ಅನ್ನೋದು ಬರೀರಿ. ಚಾಮುಂಡಿ ಎಕ್ಸ್‌ಪ್ರೆಸ್ಸಲ್ಲಿ ಮಂಡ್ಯದಲ್ಲಿ ಹತ್ತಿ ಕಾದಂಬರಿ ತೆಗೆದು ರಾಮನಗರ ದಾಟಿದ್ದೂ ಗೊತ್ತಾಗ್ಲಿಲ್ಲ ಅಂದ್ರೆ ಅದೂ ಒಂದು ಅಭಿಪ್ರಾಯವೇ. ಹಿಡಿಸ್ಲಿಲ್ಲ ಅಂದ್ರೆ ಹಿಡಿಸ್ಲಿಲ್ಲ ಅಂತಾನೇ ಬರೀರಿ, ಆದ್ರೆ ಯಾವ ಪುಟದಿಂದ ಅನ್ನೋದನ್ನೂ ಬರೀರಿ. ಆರು ತಿಂಗಳಾದ್ಮೇಲೆ ಅದೇ ಪುಟದ ಕೆಳಗೆ ಬೇರೆ ಇಂಕಲ್ಲಿ ಇನ್ನೆರಡು ಸಾಲು ಸೇರಿಸಿ. ನಾನು 'ಪರ್ವ' ಮುಗಿಸಿದ ದಿನ ಬರೀ ಸುಸ್ತು ಅಂತ ಬರೆದಿದ್ದೆ, ಆರು ತಿಂಗಳ ಮೇಲೆ ನೋಡಿದ್ರೆ ದಿನಾ ಒಂದಲ್ಲ ಒಂದು ಹೊತ್ತು ಆ ಕುಂತಿನೇ ನೆನಪಿಗೆ ಬರ್ತಿದ್ಲು.

ಹಿಂದಿನ ಪುಟಗಳು, ಅಂದ್ರೆ ಕಾಯೋ ಪುಟಗಳು, ನನಗೆ ಇನ್ನೂ ಇಷ್ಟ. ಇಷ್ಟದ ಲೇಖಕರು ಹೊಸ ಕಾದಂಬರಿ ಬರೀತಿದಾರೆ ಅಂತ ಸುದ್ದಿ ಸಿಕ್ಕಿದ ದಿನಾನೇ ತಾರೀಖು ಹಾಕಿ ಅದರಿಂದ ನಿಮಗೆ ಏನು ಬೇಕು ಅಂತ ಬರ್ದಿಡಿ. ಭೈರಪ್ಪನವರ 'ಉತ್ತರಕಾಂಡ' 2017ರಲ್ಲಿ ಬರೋಕೆ ಮುಂಚೆ ಸೀತೆ ಕಡೆಯಿಂದ ಕಥೆ ಅಂತ ಕೇಳಿ "ಲಕ್ಷ್ಮಣ ಏನಂತಾನೆ ನೋಡ್ಬೇಕು" ಅಂತ ಬರೆದಿದ್ದೆ. ಓದಿದ ಮೇಲೆ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದ್ರೆ ಪುಸ್ತಕ ಎಷ್ಟು ಕೊಡ್ತು ಅನ್ನೋದರ ಜೊತೆ ನಾವೇ ಏನು ಹುಡುಕ್ತಿದ್ವಿ ಅನ್ನೋದೂ ಕಾಣುತ್ತೆ. ಕಾಯೋ ಹೊತ್ತಲ್ಲಿ ಅದೇ ಲೇಖಕರ ಹಳೇದು ಒಂದು ಓದಿ, ಸುಮ್ನೆ ಕಾಯೋದಕ್ಕಿಂತ ಅದು ಮೇಲು.

2025 ಸೆಪ್ಟೆಂಬರ್ 24ಕ್ಕೆ ಭೈರಪ್ಪನವ್ರು ತೀರ್ಕೊಂಡ್ರು. ಕುವೆಂಪುನಗರದ ಕಡೆ ಹೋದಾಗೆಲ್ಲಾ ಇಲ್ಲೇ ಅಲ್ವಾ ಅವ್ರ ಮನೆ ಅಂತ ಅನ್ಕೊಳ್ತಿದ್ದೋನು ನಾನು. ಹಿಂದಿನ ಪುಟದಲ್ಲಿ ಅವ್ರ ಹೆಸರಿನ ಮುಂದೆ "ಮುಂದಿನದು?" ಅಂತ ಇತ್ತು. ಅದನ್ನ ಹೊಡೆದು ಹಾಕೋಕೆ ಕೈ ಬರ್ಲಿಲ್ಲ, ಅದರ ಕೆಳಗೆ ನಾನು ಇನ್ನೂ ಓದದೇ ಇರೋ ಅವ್ರ ಕಾದಂಬರಿಗಳ ಹೆಸರು ಬರೆದೆ. ಆ ಪಟ್ಟಿ ಉದ್ದ ಇದೆ, ಅದೇ ಸಮಾಧಾನ.

ಕೊಳ್ಳೋದರ ಬಗ್ಗೆ ಬೇಗ ಹೇಳಿಬಿಡ್ತೀನಿ. ಹೊಸದು ಬಂದ ವಾರವೇ ಬೇಕು ಅಂದ್ರೆ ಪ್ರಕಾಶಕರು ಪ್ರೀ ಬುಕಿಂಗ್ ಬಿಟ್ಟಾಗ ಹೇಳಿಡಿ, ಕೆಲವ್ರು ಲೇಖಕರ ಸಹಿ ಇರೋ ಪ್ರತಿ ಕೊಡ್ತಾರೆ. ಹಳೇದಕ್ಕೆ ಸಮ್ಮೇಳನಗಳು, ಪುಸ್ತಕ ಮೇಳಗಳು ಒಳ್ಳೇದು. 2024ರ ಡಿಸೆಂಬರಲ್ಲಿ 87ನೇ ಸಾಹಿತ್ಯ ಸಮ್ಮೇಳನ ಮಂಡ್ಯದಲ್ಲೇ ಆದಾಗ ಮೂರು ದಿನಾನೂ ನೋಟ್‌ಬುಕ್ಕಿನ ಹಿಂದಿನ ಪುಟ ಬಿಚ್ಕೊಂಡೇ ಮಳಿಗೆ ಸುತ್ತಿದೆ, ಪಟ್ಟಿ ಕೈಲಿದ್ದಿದ್ರಿಂದ ಕಂಡಿದ್ದೆಲ್ಲಾ ತಗೊಂಡು ದುಡ್ಡು ಕಳ್ಕೊಳ್ಳಲಿಲ್ಲ. ಇನ್ನೊಂದು, ಪುಸ್ತಕ ಮನೆಗೆ ಬಂದ ದಿನಾನೇ ಪುಟ ಸಂಖ್ಯೆ ಸರಸರ ತಿರುವಿ ನೋಡಿ. ಒಂದು ಕಡೆ ಆನ್‌ಲೈನಲ್ಲಿ ತರಿಸಿದ್ದ ಕಾದಂಬರೀಲಿ ಒಂದು ಫಾರಂ ಪೂರ್ತಿ, ಅಂದ್ರೆ 16 ಪುಟ, ಬೈಂಡೇ ಆಗಿರ್ಲಿಲ್ಲ, ಗೊತ್ತಾಗೋ ಹೊತ್ತಿಗೆ ವಾಪಸ್ ಮಾಡೋ ದಿನ ಮುಗಿದಿತ್ತು. ಕೊನೆಗೆ ಸ್ನೇಹಿತನ ಪ್ರತಿಯಿಂದ ಜೆರಾಕ್ಸ್ ಮಾಡಿಸಿ ಮಧ್ಯೆ ಇಟ್ಕೊಂಡೆ.

ಕಾಯೋ ಪಟ್ಟಿಗೆ ಮೊದಲನೇ ಹೆಸರು ಯಾವ್ದು ಬರೀಬೇಕು ಅಂತ ಗೊತ್ತಾಗದಿದ್ರೆ ಮನೆಯವ್ರನ್ನ ಕೇಳಿ. ನನ್ನ ಪಟ್ಟೀಲಿ ಮೊದಲನೇದು ನಾನು ಆರಿಸಿದ್ದಲ್ಲ. 'ಕುಸುಮಬಾಲೆ' ಓದಿ ಮುಗಿಸಿದ ರಾತ್ರಿ ಅವ್ವ ಮೊರ ಎತ್ತಿಡ್ತಾ "ಅವ್ರು ಇನ್ನೊಂದ ಬರ್ದಿಲ್ವಾ?" ಅಂದ್ಲು. ಕಾದಂಬರಿ ಅಂತ ಆಮೇಲೆ ಬಂದಿಲ್ಲ ಅವ್ವ, ನಲವತ್ತು ವರ್ಷ ಆಯ್ತು ಅಂದೆ. "ಬರೀತಾರೇಳು, ನಿನ್ ಬುಕ್ಕಲ್ಲಿ ಬರ್ಕೋ" ಅಂದ್ಲು. ಬರ್ಕೊಂಡಿದೀನಿ, ತಾರೀಖು ಹಾಕಿ.