ಲಿನಕ್ಸ್‌ಗೆ ವೈಫೈ ಡಾಂಗಲ್: ಕಂಪನಿ ಹೆಸರು ಬಿಡಿ, ಒಳಗಿನ ಚಿಪ್ ನೋಡಿ

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಲು ಬಾರದ ಲ್ಯಾಪ್‌ಟಾಪ್‌ಗಳು ಕೊಡಗಿನ ಮನೆಗಳಲ್ಲಿ ಬೇಕಾದಷ್ಟಿವೆ. ಮಕ್ಕಳು ಬೆಂಗಳೂರಿಗೆ ಹೋಗುವಾಗ ಬಿಟ್ಟುಹೋದದ್ದು, ತೋಟದ ರೈಟರ್ ಲೆಕ್ಕ ಬರೆಯುವುದು, ಹೋಂಸ್ಟೇ ಬುಕಿಂಗ್ ನೋಡುವುದು. ಇವಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅಥವಾ ಉಬುಂಟು (ಎರಡೂ ಲಿನಕ್ಸ್‌ನ ರೂಪಗಳೇ) ಹಾಕಿದರೆ ಇನ್ನೂ ಕೆಲವು ವರ್ಷ ಆರಾಮಾಗಿ ಓಡುತ್ತವೆ. ಕೈ ಕೊಡುವುದು ಹೆಚ್ಚಾಗಿ ವೈಫೈ ಒಂದೇ.

ಆಗ ಡಾಂಗಲ್, ಅಂದರೆ ಯುಎಸ್‌ಬಿಗೆ ಚುಚ್ಚುವ ವೈಫೈ ಸಾಧನ, ತರಲು ಪೇಟೆಗೆ ಹೋಗುತ್ತೀರಿ. ‘ಇದು ಲಿನಕ್ಸ್‌ಗೆ ಆಗ್ತದಾ?’ ಎಂದು ಕೇಳಿದರೆ, ‘ಆಗ್ತದೆ ಸಾರ್, ಒಳಗೇ ಸಿಡಿ ಉಂಟು’ ಎಂಬ ಉತ್ತರ ಬರುತ್ತದೆ. ಆ ಸಿಡಿ ವಿಂಡೋಸ್‌ನದ್ದು. ಲ್ಯಾಪ್‌ಟಾಪ್‌ನಲ್ಲಿ ಸಿಡಿ ಹಾಕುವ ಜಾಗವೇ ಇಲ್ಲ ಎಂಬುದು ಬೇರೆ ಮಾತು. ಅಂಗಡಿಯವರನ್ನು ದೂರಿ ಪ್ರಯೋಜನವಿಲ್ಲ, ಏನು ಕೇಳಬೇಕು ಎಂಬುದು ನಮಗೆ ಗೊತ್ತಿರಬೇಕು.

ಮೊದಲು, ಡಾಂಗಲ್ ಬೇಕೇ ಬೇಕಾ?

ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆರೆದು ‘ಆರ್‌ಎಫ್‌ಕಿಲ್ ಲಿಸ್ಟ್’ ಎಂಬ ಕಮಾಂಡ್ ಕೊಡಿ. (ಇಲ್ಲಿ ಹೇಳುವ ಕಮಾಂಡ್‌ಗಳನ್ನೆಲ್ಲ ಇಂಗ್ಲಿಷ್‌ನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು.) ವೈಫೈ ಮುಂದೆ ‘ಬ್ಲಾಕ್ಡ್: ಯೆಸ್’ ಎಂದು ತೋರಿಸಿದರೆ ಕೀಬೋರ್ಡ್‌ನ ವೈಫೈ ಗುಂಡಿಯೋ, ಪಕ್ಕದಲ್ಲಿರುವ ಸ್ವಿಚ್ಚೋ ಆಫ್ ಆಗಿರುತ್ತದೆ, ಅಷ್ಟೇ. ಇನ್ನು ಹಳೇ ಲ್ಯಾಪ್‌ಟಾಪ್‌ನಲ್ಲಿ ಬ್ರಾಡ್‌ಕಾಮ್ ಕಾರ್ಡ್ ಇದ್ದರೆ, ಮಿಂಟ್‌ನ ಡ್ರೈವರ್ ಮ್ಯಾನೇಜರ್ ತೆರೆದರೆ ಅದಕ್ಕೆ ಬೇಕಾದ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಅಲ್ಲೇ ಸಿಗುವ ಸಾಧ್ಯತೆ ಜಾಸ್ತಿ.

ಡ್ರೈವರ್ ಇಳಿಸಲು ನೆಟ್ ಬೇಕಲ್ವಾ? ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ, ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಲಿನಕ್ಸ್ ಅದನ್ನು ತಂತಿಯ ನೆಟ್‌ವರ್ಕ್ ಎಂದು ತಕ್ಷಣ ಗುರುತಿಸುತ್ತದೆ, ಬೇರೇನೂ ಹಾಕಬೇಕಿಲ್ಲ. ತೋಟದೊಳಗೆ ಮೊಬೈಲ್ ಸಿಗ್ನಲ್ ಇಲ್ಲದಿದ್ದರೂ ಚಿಂತೆಯಿಲ್ಲ. ಫೋನು ಮನೆಯ ವೈಫೈಗೆ ಸೇರಿದ್ದರೆ ಹೆಚ್ಚಿನ ಫೋನ್‌ಗಳು ಆ ನೆಟ್ಟನ್ನೇ ಕೇಬಲ್ ಮೂಲಕ ದಾಟಿಸುತ್ತವೆ. ಆವತ್ತಿನ ಕೆಲಸಕ್ಕೆ ಫೋನೇ ಡಾಂಗಲ್ ಆಯಿತು.

ನಿಮ್ಮ ಕರ್ನಲ್ ಯಾವುದು ಅಂತ ಬರೆದಿಟ್ಟುಕೊಳ್ಳಿ

ಕರ್ನಲ್ ಎಂದರೆ ಲಿನಕ್ಸ್‌ನ ತಿರುಳು. ‘ಯುನೇಮ್’ (ಯು, ಎನ್, ಎ, ಎಂ, ಇ) ಎಂದು ಬರೆದು, ಒಂದು ಜಾಗ ಬಿಟ್ಟು, ಅಡ್ಡಗೆರೆ ಮತ್ತು ‘ಆರ್’ ಅಕ್ಷರ ಹಾಕಿ ಎಂಟರ್ ಒತ್ತಿ. 5.15 ಅಥವಾ 6.8 ಎಂಬಂಥ ಸಂಖ್ಯೆ ಬರುತ್ತದೆ. ಮಿಂಟ್ 21 ಬಂದದ್ದು 5.15ರ ಜೊತೆ, ಮಿಂಟ್ 22 ಬಂದದ್ದು 6.8ರ ಜೊತೆ. ಲಿನಕ್ಸ್‌ನಲ್ಲಿ ಹೆಚ್ಚಿನ ವೈಫೈ ಡ್ರೈವರ್‌ಗಳು ಕರ್ನಲ್‌ನ ಒಳಗೇ ಇರುತ್ತವೆ. ನೀವು ಕೊಳ್ಳುವ ಚಿಪ್‌ನ ಡ್ರೈವರ್ ನಿಮ್ಮ ಕರ್ನಲ್‌ಗೆ ಬಂದಿದ್ದರೆ ಚುಚ್ಚಿದ ಕೂಡಲೇ ನಡೆಯುತ್ತದೆ. ಬಂದಿಲ್ಲವೋ, ಹೊರಗಿನಿಂದ ಸೋರ್ಸ್ ಕೋಡ್ ತಂದು ಕಂಪೈಲ್ ಮಾಡುತ್ತ, ಅಂದರೆ ಅದರಿಂದ ಡ್ರೈವರನ್ನು ನಾವೇ ಕಟ್ಟುತ್ತ ಕೂರಬೇಕು. ಸೆಕ್ಯೂರ್ ಬೂಟ್ (ಸಹಿ ಇಲ್ಲದ ತಂತ್ರಾಂಶವನ್ನು ತಡೆಯುವ ವ್ಯವಸ್ಥೆ) ಆನ್ ಇದ್ದರೆ ಅದಕ್ಕೆ ಸಹಿ ಹಾಕುವ ಇನ್ನೊಂದು ಕೆಲಸ. ಇಷ್ಟೆಲ್ಲ ಮಾಡಿದರೂ ಮುಂದಿನ ಕರ್ನಲ್ ಅಪ್‌ಡೇಟ್‌ಗೆ ಅದು ಮತ್ತೆ ನಿಲ್ಲಬಹುದು. ಡಬ್ಬಿಯ ಮೇಲೆ ‘ಲಿನಕ್ಸ್ ಸಪೋರ್ಟೆಡ್’ ಎಂದು ಬರೆದಿರುವುದು ಎಷ್ಟೋ ಸಲ ಈ ಕಂಪೈಲ್ ಸರ್ಕಸ್‌ಗೇ. ಆ ಮಾತನ್ನು ನಾನಂತೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಯಾವ ಚಿಪ್?

ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಯುಎಸ್‌ಬಿ ಡಾಂಗಲ್ ಬೇಕಾದರೆ ಮೀಡಿಯಾಟೆಕ್ ಚಿಪ್‌ನಿಂದ ಹುಡುಕಾಟ ಶುರು ಮಾಡಿ. ಎಂಟಿ7610ಯು ಮತ್ತು ಎಂಟಿ7612ಯು ಚಿಪ್‌ಗಳ ಡ್ರೈವರ್ 2018ರಲ್ಲೇ ಕರ್ನಲ್ ಸೇರಿದೆ. ಹಾಗಾಗಿ ಮಿಂಟ್ 21 ಇದ್ದರೂ ತೊಂದರೆಯಿಲ್ಲ. ಎರಡೂ 2.4 ಮತ್ತು 5 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ಮೊದಲನೆಯದು ಎಸಿ600 ದರ್ಜೆಯದ್ದು, ಎರಡನೆಯದು ಎಸಿ1200. ಹೊಸ ವೈಫೈ 6 ಬೇಕೆಂದರೆ ಎಂಟಿ7921ಎಯು ಇದೆ. ಆದರೆ ಅದಕ್ಕೆ ಕನಿಷ್ಠ 5.18 ಕರ್ನಲ್ ಬೇಕು. ಮಿಂಟ್ 22ರಲ್ಲಿ ಸಲೀಸು, 21ರಲ್ಲಿ ಕರ್ನಲ್ ಹೊಸದು ಮಾಡದೆ ಆಗದು.

ಅಥೆರೋಸ್‌ನ ಎಆರ್9271 ಹಳೇ ಕುದುರೆ. 2.4 ಗಿಗಾಹರ್ಟ್ಸ್ ಮಾತ್ರ, ಡಬ್ಬಿಯ ಲೆಕ್ಕದಲ್ಲೇ 150 ಎಂಬಿಪಿಎಸ್. ಆದರೆ ಇದರ ಫರ್ಮ್‌ವೇರ್ (ಚಿಪ್‌ನ ಒಳಗೇ ಓಡುವ ತಂತ್ರಾಂಶ) ಕೂಡ ಮುಕ್ತ, ಅಂದರೆ ಅದರ ಸೋರ್ಸ್ ಕೋಡ್ ಎಲ್ಲರಿಗೂ ಸಿಗುತ್ತದೆ. ಟ್ರಿಸ್ಕೆಲ್‌ನಂಥ ಪೂರ್ತಿ ಮುಕ್ತ ವ್ಯವಸ್ಥೆ ಬಳಸುವವರು ಇದನ್ನು ಹುಡುಕಿಕೊಂಡು ಹೋಗುವುದು ಅದಕ್ಕೇ. ಇಮೇಲ್, ಬ್ಯಾಂಕ್, ಕಾಫಿ ರೇಟ್ ನೋಡುವಷ್ಟಕ್ಕೆ ಧಾರಾಳ ಸಾಕು.

ಇನ್ನು ರಿಯಲ್‌ಟೆಕ್. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಡಾಂಗಲ್‌ಗಳಲ್ಲಿ ಬಹುಪಾಲು ಇವೇ. ಎಲ್ಲವೂ ಕೆಟ್ಟವಲ್ಲ. ಆರ್‌ಟಿಎಲ್8821ಸಿಯು, 8822ಬಿಯು ಚಿಪ್‌ಗಳಿಗೆ 6.2 ಕರ್ನಲ್‌ನಿಂದ ಒಳಗೇ ಡ್ರೈವರ್ ಇದೆ. ಬಹಳ ಜನ ಕೊಂಡಿರುವ ಆರ್‌ಟಿಎಲ್8812ಎಯುಗೆ ಅದು ಸಿಕ್ಕಿದ್ದು 2025ರಲ್ಲಿ ಬಂದ ಕರ್ನಲ್‌ಗಳಲ್ಲಿ. ಕರ್ನಲ್ ಹಳೆಯದಿದ್ದರೆ ನೂರಿನ್ನೂರು ರೂಪಾಯಿ ಉಳಿಸಲು ಹೋಗಿ ತಲೆನೋವು ತಂದುಕೊಳ್ಳಬೇಡಿ.

ಲ್ಯಾಪ್‌ಟಾಪ್ ಬಿಚ್ಚಿ ಒಳಗಿನ ಕಾರ್ಡನ್ನೇ ಬದಲಿಸುವ ಧೈರ್ಯ ಇದ್ದರೆ ಇಂಟೆಲ್ ಎಎಕ್ಸ್200 ಅಥವಾ ಎಎಕ್ಸ್210 ಒಳ್ಳೇ ಆಯ್ಕೆ. ಎಎಕ್ಸ್201, ಎಎಕ್ಸ್211 ನೋಡಲು ಹಾಗೇ ಇರುತ್ತವೆ, ಆದರೆ ಅವು ಇಂಟೆಲ್‌ನದೇ ಕೆಲವು ಪ್ರೊಸೆಸರ್‌ಗಳ ಜೊತೆ ಮಾತ್ರ ನಡೆಯುತ್ತವೆ. ಕೆಲವು ಹಳೇ ಲ್ಯಾಪ್‌ಟಾಪ್‌ಗಳ ಬಯಾಸ್ (ಯಂತ್ರ ಶುರುವಾಗುವಾಗ ಓಡುವ ತಂತ್ರಾಂಶ) ಬೇರೆ ಕಾರ್ಡನ್ನು ಒಪ್ಪುವುದೇ ಇಲ್ಲ. ಇದನ್ನು ವಿಚಾರಿಸಿಕೊಂಡೇ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳಿ.

ಲಿನಕ್ಸ್ ಅಲ್ಲದ, ಬಿಎಸ್‌ಡಿ ಎಂಬ ಇನ್ನೊಂದು ವ್ಯವಸ್ಥೆ ಬಳಸುವವರು ಈ ಪಟ್ಟಿಯನ್ನು ನೆಚ್ಚಿಕೊಳ್ಳಬಾರದು. ಓಪನ್‌ಬಿಎಸ್‌ಡಿಯಲ್ಲಿ ಎಆರ್9271 ನಡೆಯುತ್ತದೆ. ಉಳಿದದ್ದಕ್ಕೆ ಆಯಾ ವ್ಯವಸ್ಥೆಯ ಮ್ಯಾನ್ಯುಯಲ್ ಪುಟ ನೋಡಿಯೇ ಕೊಳ್ಳಿ.

ಹೆಸರು ಒಂದೇ, ಒಳಗೆ ಬೇರೆ

ಟಿಪಿ-ಲಿಂಕ್‌ನ ಟಿಎಲ್-ಡಬ್ಲ್ಯುಎನ್722ಎನ್ ಇದಕ್ಕೆ ಸರಿಯಾದ ಉದಾಹರಣೆ. ಅದರ ಮೊದಲ ಆವೃತ್ತಿಯಲ್ಲಿ ಇದ್ದದ್ದು ಮೇಲೆ ಹೇಳಿದ ಎಆರ್9271. ಎರಡನೇ ಆವೃತ್ತಿಯಿಂದ ರಿಯಲ್‌ಟೆಕ್ ಬಂತು. ಮಾಡೆಲ್ ಹೆಸರು ಮಾತ್ರ ಅದೇ. ಹಳೇ ಹೊಗಳಿಕೆ ಓದಿ ಹೊಸ ಡಬ್ಬಿ ಕೊಂಡವರು ಪೇಚಿಗೆ ಬಿದ್ದರು. ಹಾಗಾಗಿ ಡಬ್ಬಿ ತಿರುಗಿಸಿ, ಬಾರ್‌ಕೋಡ್ ಹತ್ತಿರ ‘ವರ್ಷನ್’ ಅಂತ ಸಣ್ಣದಾಗಿ ಏನಿದೆ ನೋಡಿ. ಮಾಡೆಲ್ ಮತ್ತು ಆವೃತ್ತಿ ಎರಡನ್ನೂ ಸೇರಿಸಿ ಹುಡುಕಿದರೆ ಚಿಪ್ ಯಾವುದೆಂದು ತಿಳಿಯುತ್ತದೆ. ಆನ್‌ಲೈನ್‌ನಲ್ಲಿ ಚಿಪ್ ಹೆಸರನ್ನೇ ಹೇಳದ ಮಾರಾಟಗಾರರಿಂದ ದೂರ ಇರಿ. ನಾಪೋಕ್ಲುವಿನಾಚೆಯ ಮನೆಗೆ ಕೊರಿಯರ್ ಬರುವುದೇ ಕಷ್ಟ, ವಾಪಸ್ ಕಳಿಸುವ ಗೋಳು ಕೇಳಲೇಬೇಡಿ.

ವೇಗದ ಅಂಕಿಗೂ ಮರುಳಾಗಬೇಡಿ. ಎಸಿ1200 ಎಂಬುದು ಎರಡೂ ಬ್ಯಾಂಡ್‌ನ (2.4 ಮತ್ತು 5 ಗಿಗಾಹರ್ಟ್ಸ್) ಗರಿಷ್ಠವನ್ನು ಕೂಡಿಸಿದ ಲೆಕ್ಕ. ಮನೆಯ ಫೈಬರ್ ಪ್ಲಾನ್ 50 ಎಂಬಿಪಿಎಸ್ ಇದ್ದರೆ ಎಸಿ1200ಕ್ಕಿಂತ ದೊಡ್ಡ ಡಾಂಗಲ್ ಸುಮ್ನೆ ದಂಡ.

ಅಂಗಡಿಯಲ್ಲೇ ಚುಚ್ಚಿ ನೋಡಿ

ಸಾಧ್ಯವಾದರೆ ಲ್ಯಾಪ್‌ಟಾಪನ್ನೇ ಒಯ್ಯಿರಿ. ಇಲ್ಲವೆಂದರೆ ಮಿಂಟ್ ಹಾಕಿದ ಬೂಟಬಲ್ ಪೆನ್‌ಡ್ರೈವ್ ಜೇಬಿನಲ್ಲಿರಲಿ, ಅಂಗಡಿಯ ಕಂಪ್ಯೂಟರನ್ನು ಅದರಿಂದಲೇ ಶುರು ಮಾಡಬಹುದು. ಡಾಂಗಲ್ ಚುಚ್ಚಿ ‘ಎಲ್‌ಎಸ್‌ಯುಎಸ್‌ಬಿ’ ಕಮಾಂಡ್ ಕೊಡಿ. ಸಾಲಿನಲ್ಲಿ ‘ಐಡಿ’ ಆದಮೇಲೆ ನಾಲ್ಕು ಅಕ್ಷರ, ಎರಡು ಚುಕ್ಕಿ, ಮತ್ತೆ ನಾಲ್ಕು ಅಕ್ಷರ ಕಾಣುತ್ತವೆ. ಮೊದಲ ನಾಲ್ಕು 0ಇ8ಡಿ ಆಗಿದ್ದರೆ ಮೀಡಿಯಾಟೆಕ್, 0ಸಿಎಫ್3 ಆದರೆ ಅಥೆರೋಸ್, 0ಬಿಡಿಎ ಆದರೆ ರಿಯಲ್‌ಟೆಕ್. ಡಾಂಗಲ್ ಕಂಪನಿ ತನ್ನದೇ ಐಡಿ ಹಾಕಿದ್ದರೆ, ಉದಾಹರಣೆಗೆ 2357 ಎಂದರೆ ಟಿಪಿ-ಲಿಂಕ್, ಎಂಟೂ ಅಕ್ಷರ ಕೊಟ್ಟು ಹುಡುಕಬೇಕು.

ಕೆಲವು ರಿಯಲ್‌ಟೆಕ್ ಡಾಂಗಲ್‌ಗಳು ವೈಫೈ ಬದಲು ಸಿಡಿ ಡ್ರೈವ್ ವೇಷದಲ್ಲಿ ಕಾಣಿಸಿಕೊಳ್ಳುತ್ತವೆ. ಆಗ ಐಡಿ 0ಬಿಡಿಎ:1ಎ2ಬಿ ಎಂದಿರುತ್ತದೆ. ವಿಂಡೋಸ್ ಡ್ರೈವರನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಬಂದದ್ದರ ಫಲ ಇದು. ಫೈಲ್ ಮ್ಯಾನೇಜರ್‌ನಲ್ಲಿ ಆ ‘ಡಿಸ್ಕ್’ ಮೇಲೆ ರೈಟ್ ಕ್ಲಿಕ್ ಮಾಡಿ ‘ಇಜೆಕ್ಟ್’ ಕೊಟ್ಟರೆ ಎಷ್ಟೋ ಸಲ ಡಾಂಗಲ್ ನಿಜರೂಪಕ್ಕೆ ಬರುತ್ತದೆ. ಚಿಪ್ ನೋಡುವುದು ಅದಾದ ಮೇಲೆ.

ತಂದ ಮೇಲೆ ಎಲ್ಲಿ ಚುಚ್ಚಬೇಕು?

ಉಗುರಿನಷ್ಟು ಚಿಕ್ಕ ಡಾಂಗಲ್ ನೋಡಲು ಚೆಂದ, ಆದರೆ ಆಂಟೆನಾ ಕೂಡ ಅಷ್ಟೇ ಚಿಕ್ಕದು. ದಪ್ಪ ಗೋಡೆಯ ಹಳೇ ಮನೆಯಲ್ಲಿ ರೂಟರ್ ಜಗಲಿಯಲ್ಲಿ, ನೀವು ಹಿಂದಿನ ಕೋಣೆಯಲ್ಲಿ ಎಂದಾದರೆ ಹೊರಗೆ ಆಂಟೆನಾ ಇರುವುದನ್ನೇ ಕೊಳ್ಳಿ. ಗೋಡೆ ದಾಟಲು 2.4 ಗಿಗಾಹರ್ಟ್ಸ್ ಮೇಲು, ಒಂದೇ ಕೋಣೆಯಲ್ಲಿ ಕೂತರೆ 5. ಬಂಗಲೆಯಿಂದ ಗೋಡೌನ್‌ಗೋ ಲೈನ್ ಮನೆಗೋ ಸಿಗ್ನಲ್ ಹೋಗಬೇಕಾದರೆ ನಡುವಿನ ಮರಗಳು ಅಡ್ಡಬರುತ್ತವೆ. ಅದರಲ್ಲೂ ಆಷಾಢದಲ್ಲಿ ನೆನೆದ ಎಲೆಗಳು ಸಿಗ್ನಲ್ಲನ್ನು ಚೆನ್ನಾಗಿ ಹೀರುತ್ತವೆ. ಅಲ್ಲಿಗೆ ಕೇಬಲ್ ಎಳೆಯುವುದೇ ವಾಸಿ, ಡಾಂಗಲ್ ಬದಲಿಸಿ ಫಲವಿಲ್ಲ.

ಯುಎಸ್‌ಬಿ 3 ಪೋರ್ಟ್ ಮತ್ತು ಅದಕ್ಕೆ ಜೋಡಿಸಿದ ಹಾರ್ಡ್ ಡಿಸ್ಕ್ ಹೊರಡಿಸುವ ಗದ್ದಲ 2.4 ಗಿಗಾಹರ್ಟ್ಸ್ ವೈಫೈಗೆ ಅಡ್ಡಿ ಮಾಡುತ್ತದೆ. ಡಿಸ್ಕ್‌ಗೆ ಫೈಲ್ ಕಾಪಿ ಮಾಡುವಾಗಲೇ ನೆಟ್ ಮಂಕಾಗುತ್ತಿದ್ದರೆ ಅನುಮಾನ ಇದರ ಮೇಲಿರಲಿ. ಒಂದು ಮೀಟರ್ ಎಕ್ಸ್‌ಟೆನ್ಷನ್ ಕೇಬಲ್ ತಂದು ಡಾಂಗಲ್ಲನ್ನು ಲ್ಯಾಪ್‌ಟಾಪ್‌ನಿಂದ ದೂರ, ಸಾಧ್ಯವಾದರೆ ಬಾಗಿಲಿನ ಕಡೆಗೆ ಇಡಿ. ಆಮೇಲೆ ‘ಎನ್‌ಎಂಸಿಎಲ್‌ಐ ಡಿವೈಸ್ ವೈಫೈ’ ಕಮಾಂಡ್ ಕೊಟ್ಟರೆ ಪ್ರತಿ ನೆಟ್‌ವರ್ಕ್ ಮುಂದೆ ಸಿಗ್ನಲ್ ಎಷ್ಟು ಎಂಬ ಸಂಖ್ಯೆ ಬರುತ್ತದೆ. ಡಾಂಗಲ್ಲನ್ನು ಒಂದೊಂದೇ ಕಡೆ ಸರಿಸುತ್ತ ನೋಡಿ, ಸಂಖ್ಯೆ ಹೆಚ್ಚು ಬಂದ ಕಡೆ ಟೇಪ್ ಹಚ್ಚಿಬಿಡಿ.