ಹೆಸರಿನ ಜೊತೆ ಗಿಡವೂ ಸಿಗಬೇಕು

ಆದಿವಾಸಿ ಹಿರಿಯರಿಂದ ಸಸ್ಯಜ್ಞಾನ ದಾಖಲಿಸುವಾಗ ಒಪ್ಪಿಗೆಯನ್ನು ಮೂರು ಸಲ ಕೇಳುತ್ತೇನೆ: ಧ್ವನಿಮುದ್ರಣಕ್ಕೆ, ಸಂಗ್ರಹದಲ್ಲಿ ಇಡುವುದಕ್ಕೆ, ಪ್ರಕಟಣೆಗೆ. ಒಂದಕ್ಕೆ ಹೂಂ ಅಂದವರು ಇನ್ನೊಂದಕ್ಕೆ ಬೇಡ ಅನ್ನಬಹುದು. ದಕ್ಷಿಣ ಆಫ್ರಿಕಾದ ಸಾನ್ ಜನ ಹಸಿವು ತಡೆಯಲು ತಿನ್ನುತ್ತಿದ್ದ ಹೂಡಿಯಾ ಎಂಬ ಗಿಡದ ಸಾರಕ್ಕೆ ಅವರನ್ನು ಕೇಳದೆಯೇ ಪೇಟೆಂಟ್ ಆಗಿತ್ತು. ಲಾಭದ ಪಾಲಿನ ಒಪ್ಪಂದ ಆದದ್ದು 2003ರಲ್ಲಿ. ಇಂಥ ಜ್ಞಾನ ಬಳಸುವ ಮುನ್ನ ಒಪ್ಪಿಗೆ ಪಡೆದು ಲಾಭ ಹಂಚಬೇಕೆನ್ನುವ ಅಂತರರಾಷ್ಟ್ರೀಯ ನಗೋಯಾ ಒಪ್ಪಂದ 2010ರಲ್ಲೇ ಬಂದರೂ ಸಹಿ ಬಿದ್ದ ಕಾಗದವೇ ಒಪ್ಪಿಗೆ ಅಂದುಕೊಳ್ಳುವವರು ಈಗಲೂ ಇದ್ದಾರೆ.

ಮೊದಲು ಪಟ್ಟಿ. ಏನನ್ನೂ ತೋರಿಸದೆ "ಗೊತ್ತಿರುವ ಗಿಡಗಳ ಹೆಸರು ಹೇಳಿ" ಎಂದು ಕೇಳಿ, ಹೇಳಿದ ಕ್ರಮದಲ್ಲೇ ಬರೆದುಕೊಳ್ಳುತ್ತೇನೆ. ಮಕ್ಕಳಿಂದಲೂ ಅದೇ ಪಟ್ಟಿ. ಹಿರಿಯರಲ್ಲಿ ಇದ್ದು ಮಕ್ಕಳಲ್ಲಿ ಇಲ್ಲದ ಹೆಸರುಗಳನ್ನು ಹಿಡಿದು ಕಾಡಿಗೆ ಹೋಗಬೇಕು: ಗಿಡವೇ ಹೋಗಿದೆಯೋ, ಗಿಡ ಇದ್ದು ಮಾತು ಹೋಗಿದೆಯೋ ಅಲ್ಲಿ ತಿಳಿಯುತ್ತದೆ.

ಫೋಟೋ ತೋರಿಸಿ ಹೆಸರು ಕೇಳಿದರೆ ತಪ್ಪಾಗುತ್ತದೆ. ಎಲೆ ಕಿವುಚಿದಾಗಿನ ವಾಸನೆ, ತೊಗಟೆ ಕೆರೆದಾಗ ಬರುವ ಹಾಲು ಫೋಟೋದಲ್ಲಿ ಎಲ್ಲಿ? "ಇದು ಜ್ವರಕ್ಕಾ?" ಅನ್ನಲೂಬಾರದು, ಎದುರಿನವರ ಮನಸ್ಸು ನೋಯಬಾರದೆಂದು ಹೌದು ಅಂದುಬಿಡುತ್ತಾರೆ. "ಇದನ್ನು ಏನು ಮಾಡುತ್ತೀರಿ?" ಅಂದರೆ ಸಾಕು.

ಪ್ರತಿ ಹೆಸರನ್ನೂ ಮೂರು ಸಲ ಹೇಳಿಸಿ, ಒಂದು ವಾಕ್ಯದಲ್ಲೂ ಬಳಸಲು ಕೇಳುತ್ತೇನೆ. ಫೈಲು ಧ್ವನಿಯನ್ನು ಕುಗ್ಗಿಸದೆ ಇಡುವ ವೇವ್ ರೂಪದಲ್ಲಿ, 48 ಕಿಲೋಹರ್ಟ್ಸ್, 24 ಬಿಟ್. ಮೈಕಿಗೆ ಗಾಳಿ ತಡೆಯುವ ಮುಸುಕು ಇಲ್ಲದಿದ್ದರೆ ಪದದ ಕೊನೆಯ ಸಣ್ಣ ಸದ್ದು ಮುಳುಗಿಹೋಗುತ್ತದೆ.

ಅದೇ ಹೊತ್ತಿಗೆ ಮಾದರಿ, ಅಂದರೆ ಯಾವ ಗಿಡವೆಂದು ಆಮೇಲೆ ಗುರುತಿಸಲು ಒಣಗಿಸಿ ಇಡುವ ತುಂಡು. ಹೂವೋ ಕಾಯೋ ಇರುವ ಟೊಂಗೆ, ಒಂದೇ ಗಿಡದ್ದು ಮೂರು. ಒಂದು ಎಲೆಯನ್ನಾದರೂ ಹಿಂಬದಿ ಕಾಣುವಂತೆ ಮಗುಚಿ, ಹಳೆ ಪತ್ರಿಕೆಯಲ್ಲಿ ಹರಡಿ, ಹಲಗೆಗಳ ನಡುವೆ ಬಿಗಿಯುವುದು. ಮೊದಲ ನಾಲ್ಕು ದಿನ ದಿನಕ್ಕೊಮ್ಮೆ ಕಾಗದ ಬದಲಿಸದಿದ್ದರೆ ಬೂಷ್ಟು ಹಿಡಿದು ಎಲೆ ಕಪ್ಪಾಗುತ್ತದೆ. ಒಣಗಿದ ಹೂವಿನಲ್ಲಿ ಬಣ್ಣ ಉಳಿಯುವುದಿಲ್ಲ, ಅಲ್ಲೇ ಬರೆದುಕೊಳ್ಳಿ. ಮಾದರಿಯ ಸಂಖ್ಯೆಯನ್ನು ರೆಕಾರ್ಡಿಂಗ್‌ನಲ್ಲೂ ಬಾಯಿಬಿಟ್ಟು ಹೇಳುತ್ತೇನೆ. ಇದೊಂದು ತಪ್ಪಿದರೆ ವರ್ಷದ ನಂತರ ಹೆಸರೊಂದು ಕಡೆ, ಗಿಡವೊಂದು ಕಡೆ.

ಒಂದೇ ಹೆಸರಿಗೆ ಎರಡು ಪ್ರಭೇದ ಸಿಕ್ಕಿದರೆ ಹಿರಿಯರನ್ನು ತಿದ್ದಲು ಹೋಗಬಾರದು. ಬಳಕೆ ಒಂದೇ ಆದದ್ದಕ್ಕೆ ಹೆಸರೂ ಒಂದಾಗಿರಬಹುದು. ಎಳೆಯದಕ್ಕೊಂದು, ಬಲಿತದ್ದಕ್ಕೊಂದು ಹೆಸರಿರುವುದೂ ಉಂಟು. ಹಾಗಾಗಿ ಬೇರೆ ಋತುವಿನಲ್ಲಿ ಅದೇ ಗಿಡದ ಹತ್ತಿರ ಮತ್ತೆ ಹೋಗುತ್ತೇನೆ.

ಅಪರೂಪದ ಗಿಡವಾದರೆ ಮಾದರಿಗೆಂದು ಬೇರು ಕೀಳುವುದಿಲ್ಲ. ಹೊರಗೆ ಕೊಡುವ ದಾಖಲೆಯಲ್ಲಿ ಅಕ್ಷಾಂಶ ರೇಖಾಂಶಗಳನ್ನು ದಶಮಾಂಶದ ಒಂದೇ ಸ್ಥಾನಕ್ಕೆ ನಿಲ್ಲಿಸುತ್ತೇನೆ. ಆಗ ಗಿಡವಿರುವ ಜಾಗ ಸುಮಾರು 11 ಕಿಲೋಮೀಟರ್‌ನಷ್ಟು ಮಸುಕಾಗುತ್ತದೆ. ಪೂರ್ತಿ ಜಾಗದ ವಿವರ ಸಮುದಾಯದ ಕೈಗೆ ಹೋಗುವ ಪ್ರತಿಯಲ್ಲಿ ಮಾತ್ರ. ಆ ಪ್ರತಿಯ ರೆಕಾರ್ಡಿಂಗ್‌ಗಳನ್ನು ಫೋನಿನಲ್ಲಿ ಕೇಳಲು ಬರುವಂತೆ ಎಂಪಿ3 ಮಾಡಿ ಕೊಡುತ್ತೇನೆ.